ಹಿಟ್ಟಿನೊಳಗಿನ ಕೀಲಿಕೈ

ಅಕ್ಕಲಕೋಟ. ತಹಶೀಲ ಕಚೇರಿ ಎದುರಿಗೆ
ನನ್ನ ಝೆರಾಕ್ಸ್ ಅಂಗಡಿ.
ಬೋರ್ಡು ಮರಾಠಿಯೊಳಗ, ಬೈಗಳು ಕನ್ನಡದಾಗ.
ಶಟರಿನ ಕೀಲಿಕೈ ಇವತ್ತ ಸಿಕ್ಕಿದ್ದು
ಜ್ವಾಳದ ಹಿಟ್ಟಿನ ಡಬ್ಬಿಯೊಳಗ.
ಮೊನ್ನೆ, ಬಲಗಾಲ ಬೂಟಿನೊಳಗ.
ಹಾಕ್ಕೊಂಡು ಬಸ್‌ಸ್ಟ್ಯಾಂಡ ತನಕಾ ನಡದಿದ್ದೆ,
ಏನೋ ಚುಚ್ಚತೈತಿ, ಚುಚ್ಚಲಿ ಅನಕೋಂತ.

ಅವ್ವ ಅಂತಿದ್ದಳು: ಇದು ಹುಡುಗಿ ಅಲ್ಲ, ಸುಂಟರಗಾಳಿ.
ಸಾಲಿ ಮಾಸ್ತರ ಅಂತಿದ್ದರು: ವೇಂಧಳಿ.
ಅತ್ತಿ ಏನೂ ಅನಲಿಲ್ಲ.
ಉಕ್ಕಿದ ಹಾಲು ಒರಸಿದ ಅರಿವಿ
ಹಿಂಡಿ ಹಿಂಡಿ ನನ್ನ ಮಾರಿ ಮುಂದ ಒಣಹಾಕತಿದ್ದಳು.

ಇನ್ನೊಂದು ಹೆಸರು ಬರಾಕ
ನಲವತ್ತೆರಡು ವರ್ಷ ಹಿಡೀತು.
ಸೋಲಾಪುರದ ಡಾಕ್ಟರ ಬಾಯಿ
ಮರಾಠಿಯೊಳಗ ಕೇಳಿದಳು, ಇಂಗ್ಲಿಷಿನೊಳಗ ಹೇಳಿದಳು.
ನಾಕ ಅಕ್ಷರ. ಎ, ಡಿ, ಎಚ್, ಡಿ.
ಯಾವುದೋ ಸರಕಾರಿ ಫಾರ್ಮಿನ ನಂಬರ ಇದ್ದಂಗ ಐತಲ್ಲ,
ಇದಕ್ಕೂ ಎರಡು ಫೋಟೊ ಹಚ್ಚಬೇಕೇನು ಅಂತ
ನನ್ನ ತಲಿ ಆಗಲೇ ಹೊರಗ ಹೋಗಿ
ಅಂಟು ಹುಡುಕಾಕ ಹತ್ತಿತ್ತು.

ಅಳು ಬಂದದ್ದು ಬಸ್ಸಿನೊಳಗ, ವಳಸಂಗ ದಾಟಿದ ಮ್ಯಾಲ.
ಬಾಜೂಕ ಕುಂತ ಮುದುಕಿ ಕೇಳಿದಳು:
ಯಾರ ಸತ್ತರವ್ವಾ?
ಯಾರೂ ಇಲ್ಲ ಆಯಿ,
ಹಳೇ ಲೆಕ್ಕ ಒಂದು ತಪ್ಪಿತ್ತು, ಸಿಕ್ಕತು.
ಆಕಿ ಸೆರಗಿನ ಗಂಟು ಬಿಚ್ಚಿ
ಒಂದು ಮುಟಗಿ ಹುರದ ಸೇಂಗಾ ಕೊಟ್ಟಳು.
ಅಕ್ಕಲಕೋಟ ಬರೂದರಾಗ
ಅಳೂದು ಮರತಿದ್ದೆ, ಅದನ್ನೂ.

ಲಕ್ಷ ಇಲ್ಲ, ನಿನಗ ಲಕ್ಷ ಇಲ್ಲ ಅಂತ
ಎಷ್ಟ ಮಂದಿ ಅಂದರು.
ಲಕ್ಷ ಇಲ್ಲ ಖರೆ.
ಚಿಲ್ಲರೆ ಐತಿ, ಉಡಿ ತುಂಬ,
ನಡದರ ಖಣಖಣ ಅಂತೈತಿ,
ಬಗ್ಗಿದರ ಓಣಿ ತುಂಬ ಉಳ್ಳತೈತಿ.

ಮೈಂದರಗಿ ಮಲಕಪ್ಪನ ರೇಶನ್ ಕಾರ್ಡು ಕಳದೆ.
ಅದು ಇನ್ನೂ ಸಿಕ್ಕಿಲ್ಲ.
ಮೂರು ತಿಂಗಳ ಗೋದಿ ನಾನ ಕೊಟ್ಟೆ,
ಆತ ಎಣಸಲಿಲ್ಲ, ನಾ ಎಣಿಸಿದೆ.
ಇದನ್ನ ನಾಕ ಅಕ್ಷರದ ಮ್ಯಾಲ ಹಾಕಿ
ಕೈ ತೊಳಕೊಳ್ಳಾಕ ಬರೂದಿಲ್ಲ.

ಆದರ ಕರಜಗಿ ಭೌರವ್ವ?
ಹನ್ನೊಂದು ವರ್ಷ ಕಚೇರಿ ಮೆಟ್ಟಲಾ ಸವಸಿದಾಕಿ,
ಅಪ್ಪನ ಎರಡು ಎಕರೆ ಆಕಿ ಹೆಸರಿಗೆ ಬರವಲ್ಲದು.
ಶಟರ ಅರ್ಧಾ ಇಳಿಸಿ ಆಕಿ ಕಾಗದದ ಗಂಟು ಬಿಚ್ಚಿದೆ,
ರಾತ್ರಿ ಎಂಟಕ್ಕ. ಒಂದೊಂದೇ ಉತಾರಾ, ಒಂದೊಂದೇ ಫೇರಫಾರ.
ಫೋನು ಒಂಬತ್ತು ಸಲ ಬಾರಿಸಿತ್ತಂತ.
ಆ ರಾತ್ರಿ ನನ್ನ ತಲಿ ಎಲ್ಲೂ ಹೋಗಲಿಲ್ಲ,
ಹೋಗು ಅಂದರೂ ಹೋಗಲಿಲ್ಲ.
ಸಿಕ್ಕತು. ಯಾವನೋ ತಲಾಠಿ
ಕನ್ನಡದ ಈರಪ್ಪನ್ನ ಮರಾಠಿಗೆ ದಾಟಿಸೂವಾಗ
ವೀರಪ್ಪಾ ಮಾಡಿದ್ದ. ಒಂದು ‘ವ’ದ ಅಡಿಯೊಳಗ
ಎರಡು ಎಕರೆ ಮಣ್ಣು.
ತಲಿ ಎತ್ತಿದರ, ಹಾಲಿನವ ಸೈಕಲ್ ಗಂಟಿ ಹೊಡಿಯಾಕ ಹತ್ತಿದ್ದ,
ನಾ ಒಬ್ಬಾಕೀನ ಅಂಗಡಿಯೊಳಗ ಕುಣೀತಿದ್ದೆ.

ಈಗ ಗುಳಗಿ ಐತಿ, ನೆನಪಾದ ದಿನ ನುಂಗತೀನಿ.
ಮೊಬೈಲಿನಾಗ ಏಳು ಅಲಾರಾಂ ಅದಾವ,
ಐದನೇದ್ದು ಯಾತಕ್ಕಂತ ತಿಳಿವಲ್ಲದು.
ಗಂಡ ಸಿದರಾಮ ಬಾಗಲ ಬಾಜೂಕ
ಒಂದು ಮಳಿ ಹೊಡದಾನ, ಕೆಳಗ ಸುಣ್ಣದಾಗ
‘ಇಲ್ಲಿ’ ಅಂತ ಬರದಾನ. ಮಾತ ಕಡಿಮಿ ಅವಂದು.

ಇವತ್ತೂ ಆ ಮಳಿ ಬೋಳ.
ಹಿಟ್ಟಿನೊಳಗ ಕೈ ಹಾಕಿ, ಕೀಲಿಕೈ ಹಿಡದು,
ಮೊಳಕೈ ತನಕಾ ಬೆಳ್ಳಗಾಗಿ,
ಅಡಗಿಮನಿಯೊಳಗ ನಿಂತ ನಕ್ಕೆ,
ಅತ್ತಿ ಫೋಟೋನೂ ಹೊಳ್ಳಿ ನೋಡೂವಂಗ.

ಮೊದಲನೇ ಗಿರಾಕಿ ತಡವಳದ ಹುಡುಗ.
ಆಧಾರ ಕಾರ್ಡಿನ ಮೂಲಿಗೆ
ನನ್ನ ಹೆಬ್ಬಟ್ಟು, ಹಿಟ್ಟಿನ್ಯಾಗ, ಗೆರಿ ಗೆರಿ.
ಅಕ್ಕಾ, ಇದೇನ?
ಸಹಿ, ಅಂದೆ.
ಒರಸಿ ಇನ್ನೊಂದು ತಗದು ಕೊಡಲೇನು?